ನೇರಳೆ ಬಣ್ಣ ನಂಬಬೇಡಿ ಅಂದವರಿಗೆ

ಔಷಧಿ ಸಸ್ಯಗಳ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವ ಕೆಲಸ ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಈ ವಾರ ಮುಗಿಯಿತು. ನೆರವಾದವರಿಗೆ ಬರೀ ‘ಧನ್ಯವಾದ’ ಅಂದರೆ ಸಾಲದು, ಯಾರು ಯಾವ ತಪ್ಪು ತಪ್ಪಿಸಿದರು ಅನ್ನೋದನ್ನೂ ಹೇಳಬೇಕು.

ಮೊದಲು ಕಪ್ಪತಗುಡ್ಡದ ಸೆರಗಿನ ವೈದ್ಯ ಅಜ್ಜಾರಿಗೆ ಶರಣು. ನೆಲಬೇವನ್ನು ಹೂ ಬಿಡಲು ಶುರುವಾದಾಗಲೇ ಕೊಯ್ಯಬೇಕು, ನೆರಳಲ್ಲೇ ಒಣಗಿಸಬೇಕು ಅಂತ ತಾಕೀತು ಮಾಡಿದವರು ಅವರೇ. ಗುಡ್ಡ 2019ರಿಂದ ವನ್ಯಜೀವಿಧಾಮ. ಹಾಗಾಗಿ ಅಲ್ಲಿನ ಗಿಡ ಮುಟ್ಟದೆ ಹೊಲದ ಬದುವಿನಲ್ಲಿ ಬೆಳೆದದ್ದನ್ನೇ ಕೊಟ್ಟರು. ಅಮೃತಬಳ್ಳಿ ಗುರುತಿಸಿಕೊಟ್ಟ ಸಸ್ಯಶಾಸ್ತ್ರದ ಸರ್ ಅವರಿಗೂ ಋಣಿ. ಎಲೆ ನುಣುಪಾಗಿದ್ದರೆ ಅದು ನಮ್ಮ ಬಳ್ಳಿ, ರೋಮ ಇದ್ದರೆ ಅದರ ದಾಯಾದಿ. ಹರ್ಬೇರಿಯಂ ಹಾಳೆ (ಗುರುತಿಗಾಗಿ ಒಣಗಿಸಿ ಅಂಟಿಸಿಟ್ಟ ಗಿಡದ ಮಾದರಿ) ಇಲ್ಲದ ಸಾರಕ್ಕೆ ಹೆಸರೇ ಇಲ್ಲ.

ಮೆಥನಾಲಿನಲ್ಲಿ ಸಾರ ತೆಗೆದು ಆರಿಸಿಕೊಟ್ಟ ರಸಾಯನಶಾಸ್ತ್ರದ ಗೆಳೆಯರು, ತೂಕ ಇಳಿಯುವುದು ಪೂರ್ತಿ ನಿಲ್ಲುವ ತನಕ ಸೀಸೆ ಬಿಟ್ಟುಕೊಡಲಿಲ್ಲ. ಮೆಥನಾಲ್ ಉಳಿದರೆ ಅದೇ ಕೋಶ ಕೊಂದು ಗಿಡಕ್ಕೆ ಹೆಸರು ತರುತ್ತದೆ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂ ಸಾರ ಕರಗಿಸಿ, ಮಾಧ್ಯಮದಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) ಸಾವಿರ ಪಟ್ಟು ತೆಳು ಮಾಡಿದರೆ 100 ಮೈಕ್ರೋಗ್ರಾಂ ಸಿಗುತ್ತದೆ, ಡಿಎಂಎಸ್‌ಒ ಶೇ. 0.1 ಮೀರುವುದಿಲ್ಲ. ಆಗ ಮಾಧ್ಯಮ ಕದಡಿದರೆ ಸಾರ ಕರಗದೆ ಬೇರ್ಪಟ್ಟಿದೆ ಅಂತ ಅರ್ಥ. ಅದನ್ನು ಸೋಸಬೇಡಿ; ಸೋಸಿದರೆ ಬೇರ್ಪಟ್ಟ ಔಷಧಿ ಸೋಸುಕದಲ್ಲೇ ಉಳಿದು, ಬರೆದ ಪ್ರಮಾಣ ಸುಳ್ಳಾಗುತ್ತದೆ.

ಕೋಶ ಸಾಕುವ ಕೋಣೆಯ ತಂಗಿಯರಿಗೆ ಸಾಲ ತೀರದು. 96 ಗುಳಿಗಳ ಪ್ಲೇಟಿನಲ್ಲಿ ಅಂಚಿನ ಗುಳಿಗಳು ಬೇಗ ಆರುತ್ತವೆಂದು ಅಲ್ಲಿ ಕೋಶ ಹಾಕದೆ ಬರೀ ಬಫರ್ ದ್ರಾವಣ ತುಂಬಿದರು, ಒಳಗಿನವುಗಳಲ್ಲಿ ತಲಾ 5,000 ಕೋಶ ಬಿತ್ತಿ 24 ಗಂಟೆ ಬೇರೂರಲು ಬಿಟ್ಟರು. ಮೈಕೋಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾ ಹೊಕ್ಕರೂ ಮಾಧ್ಯಮ ಕದಡುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಅದಕ್ಕೇ ಅದರ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬಿಡಲಿಲ್ಲ.

ಶೀರ್ಷಿಕೆಯ ಮಾತು ಈ ತಂಗಿಯರದೇ. ಕೋಶ ಬದುಕಿದೆಯೇ ಅಂತ ನೋಡುವ ಎಂಟಿಟಿ ವಿಧಾನದಲ್ಲಿ ಜೀವಂತ ಕೋಶ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಫಾರ್ಮಜಾನ್ ಹರಳಾಗಿಸುತ್ತದೆ. ಹರಳನ್ನು ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಆದರೆ ಒಗರು ಗಿಡಗಳ ಪಾಲಿಫೀನಾಲ್‌ಗಳು ಕೋಶವೇ ಇಲ್ಲದಿದ್ದರೂ ಅದೇ ಬಣ್ಣ ತರುತ್ತವೆ. ಕೋಶ ಸತ್ತಿರುತ್ತದೆ, ಯಂತ್ರ ಬದುಕಿದೆ ಅನ್ನುತ್ತದೆ! ಎಂಟಿಟಿ ಹಾಕುವ ಮೊದಲು ಸಾರ ತೊಳೆದು ತೆಗೆಯಿರಿ, ಸಾರ ಮಾತ್ರ ಇರುವ ಗುಳಿಗಳನ್ನೂ ಇಡಿ. ಅನುಮಾನ ಉಳಿದರೆ ಪ್ರೋಟೀನಿಗೆ ಅಂಟುವ ಸಲ್ಫೋರೋಡಮೈನ್ ಬಿ ಬಣ್ಣದಿಂದ ಮತ್ತೊಮ್ಮೆ ನೋಡಿ.

ಲೆಕ್ಕ ನೋಡಿಕೊಟ್ಟ ಸಂಖ್ಯಾಶಾಸ್ತ್ರದ ಮೇಡಂ, ಒಂದೇ ಪ್ಲೇಟಿನ ಮೂರು ಗುಳಿಗಳನ್ನು ಮೂರು ಪ್ರಯೋಗ ಅಂತ ಎಣಿಸಲು ಬಿಡಲಿಲ್ಲ. ಬೇರೆ ಬೇರೆ ದಿನ, ಬೇರೆ ಬಿತ್ತನೆ ಬೇಕು ಅಂದರು. ಸರಿಯೇ. ಸಾಮಾನ್ಯ ಕೋಶಗಳನ್ನು ಜೊತೆಗಿಡಿ ಅಂದ ಔಷಧಶಾಸ್ತ್ರದವರಿಗೂ ನಮಸ್ಕಾರ: ಎರಡನ್ನೂ ಒಂದೇ ಪ್ರಮಾಣದಲ್ಲಿ ಕೊಂದರೆ ಅದು ಬರೀ ವಿಷ. ಕಷಾಯ ಕುಡಿದರೆ ರಕ್ತದಲ್ಲಿ ಅಷ್ಟು ಪ್ರಮಾಣ ಇರುತ್ತದೆ ಅಂತಲೂ ಇದರಿಂದ ಹೇಳಲಾಗದು. ಇದನ್ನು ಅಜ್ಜಾರಿಗೆ ಹೇಳಿದಾಗ, ‘ನಾ ಎಂದರ ಹಾಂಗಂದೇನೇನು?’ ಅಂದರು.

ಉಳಿದ ಸಾರವನ್ನು ಮೈನಸ್ 20 ಡಿಗ್ರಿಯಲ್ಲಿ ಸಣ್ಣ ಸಣ್ಣ ಸೀಸೆಗಳಲ್ಲಿ ಇಟ್ಟಿದ್ದೇವೆ. ಬೇಕಾದ ವಿದ್ಯಾರ್ಥಿಗಳು ಐಸ್ ಡಬ್ಬಿ ತಂದು ಒಯ್ಯಬಹುದು. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗಿಡಬೇಡಿ.