1945ರ ನವೆಂಬರ್ ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ವಾಕಿಂಗ್ ಮುಗಿದ ಮೇಲೆ ಕಲ್ಲುಬೆಂಚಿನ ಮೇಲೆ ದಿನಾ ಒಂದು ಸಣ್ಣ ಸಭೆ ಸೇರುತ್ತದೆ. ಹೋದ ವಾರ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ನಿಮ್ಮ ಪತ್ರಿಕೆಯನ್ನು ಮಡಚಿಟ್ಟು ಕೇಳಿದರು: "ಅಲ್ಲ ಟೀಚರ್, ಸಮುದ್ರದ ತಳದ ಭೂಕಂಪ ಅಂತ ನಾಲ್ಕಾರು ದೇಶದವರು ಸೇರಿ ಸಮುದ್ರ ಕೊರೆಯೋದು, ಇನ್ನೂ ಏನೇನೋ ಮಾಡ್ತಾರಲ್ಲ, ಬೆಂಗಳೂರಿಗೂ ಅದಕ್ಕೂ ಏನು ಸಂಬಂಧ? ಇಲ್ಲಿ ರಸ್ತೆ ಗುಂಡಿ ಮುಚ್ಚೋಕೇ ದುಡ್ಡಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವಳಿಗೆ ಅಲ್ಲಿ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕಾಫಿ ಕುಡಿಯುವಾಗ ಒಂದೊಂದಾಗಿ ನೆನಪಾಯಿತು. ಅದಕ್ಕೇ ಈ ಪತ್ರ. ಮೇಲೆ ಕೇಳಿದ ಲೆಕ್ಕದ ಪುಸ್ತಕದ ಕೋರಿಕೆ ಕೊನೆಯಲ್ಲಿದೆ.

ಸಂಬಂಧ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲ ಸರಿಯುವುದನ್ನು ಅಳೆಯುವ ಒಂದು ಜಿಪಿಎಸ್ ಕೇಂದ್ರವಿದೆ. ಜಗತ್ತಿನ ನೂರಾರು ಕೇಂದ್ರಗಳ ಜಾಲಕ್ಕೆ ಸೇರಿದ್ದು ಅದು. ಅದರ ಅಳತೆಯನ್ನು ಯಾವ ದೇಶದವರು ಬೇಕಾದರೂ ತೆಗೆದುಕೊಳ್ಳಬಹುದು. 2004ರ ಡಿಸೆಂಬರ್ 26ರ ಸುಮಾತ್ರಾ-ಅಂಡಮಾನ್ ಭೂಕಂಪದಲ್ಲಿ ಆ ಕೇಂದ್ರ ಸುಮಾರು ಒಂದು ಸೆಂಟಿಮೀಟರ್ ಪೂರ್ವಕ್ಕೆ ಸರಿಯಿತು. ಅದರ ಜೊತೆಗೆ ಮಲ್ಲೇಶ್ವರ, ಯಶವಂತಪುರ, ನಮ್ಮ ಪಾರ್ಕಿನ ಕಲ್ಲುಬೆಂಚು ಎಲ್ಲವೂ ಸರಿದವು. ಯಾರಿಗೂ ಗೊತ್ತಾಗಲಿಲ್ಲ, ಅಷ್ಟೇ. ಹೀಗೆ ದೂರದೂರದ ಊರುಗಳು ಎಷ್ಟೆಷ್ಟು ಸರಿದವು ಅಂತ ಕೂಡಿಸಿ ನೋಡಿದ್ದು, ಆ ಭೂಕಂಪ ಎಷ್ಟು ದೊಡ್ಡದು ಅನ್ನುವುದನ್ನು ಸರಿಯಾಗಿ ತಿಳಿಯಲು ನೆರವಾಯಿತು. ಸಮುದ್ರದಡಿಯ ನೆಲ ಸುಮಾರು 1,300 ಕಿ.ಮೀ. ಉದ್ದಕ್ಕೆ ಬಿರುಕು ಬಿಟ್ಟಿತ್ತು.

ನನ್ನ ತವರು ಗೌರಿಬಿದನೂರು ತಾಲೂಕು. ಅಲ್ಲಿಯ ಹೊಲಗಳ ನಡುವೆ ಅರವತ್ತರ ದಶಕದಲ್ಲೇ ಬ್ರಿಟನ್ನಿನವರ ಜೊತೆ ಸೇರಿ ನಮ್ಮ ಪರಮಾಣು ಇಲಾಖೆಯವರು ಕಂಪನಮಾಪಕಗಳನ್ನು ಸಾಲಾಗಿ ಹೂಳಿದ್ದರು. ಬೇರೆ ದೇಶಗಳ ಅಣುಬಾಂಬ್ ಪರೀಕ್ಷೆ ಪತ್ತೆ ಹಚ್ಚುವುದು ಅವುಗಳ ಕೆಲಸ. ನಾವು ಮಕ್ಕಳು "ಬಾಂಬ್ ಕೇಳೋ ಮನೆ" ಅಂತಿದ್ದೆವು. ಬಾಂಬ್ ಕೇಳುವ ಕಿವಿಗೆ ಭೂಕಂಪವೂ ಕೇಳುತ್ತದೆ, ಅಲ್ವಾ?

ಇನ್ನು ಈ ಭೂಕಂಪ ಆಗುವ ಬಗೆ. ಒಂದು ಭೂಫಲಕ (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ಇನ್ನೊಂದರ ಕೆಳಗೆ ನುಗ್ಗುತ್ತಾ ಹೋಗುವ ಜಾಗಕ್ಕೆ ಸಬ್‌ಡಕ್ಷನ್ ವಲಯ ಅನ್ನುತ್ತಾರೆ. ತರಗತಿಯಲ್ಲಿ ನಾನು ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಅಂಚಿಗೆ ಅದುಮಿ ಹಿಡಿದು, ಹೊರಗಿನ ತುದಿಯನ್ನು ಬೆರಳಿನಿಂದ ನಿಧಾನ ಕೆಳಗೆ ಎಳೆಯುತ್ತಿದ್ದೆ. ಬಾಗುತ್ತದೆ, ಬಾಗುತ್ತದೆ. ಬೆರಳು ಜಾರಿದ ಕೂಡಲೇ ಫಟ್ ಅಂತ ಮೇಲಕ್ಕೆ ಚಿಮ್ಮುತ್ತದೆ. ಬೆರಳು ಅಂದರೆ ಕೆಳಗೆ ಹೋಗುವ ಫಲಕ, ಸ್ಕೇಲು ಅಂದರೆ ಮೇಲಿನದು. ಸ್ಕೇಲಿನ ಮೇಲೆ ಒಂದು ಸಮುದ್ರವೇ ಕೂತಿದೆ ಅಂದುಕೊಳ್ಳಿ. ಸ್ಕೇಲಿನ ಜೊತೆ ಅದೂ ಚಿಮ್ಮುತ್ತದೆ. ಅದೇ ಸುನಾಮಿ. ಮಕ್ಕಳಿಗೆ ಇದು ಭಾರಿ ಇಷ್ಟ. ಎಷ್ಟೋ ಸ್ಕೇಲು ಮುರಿದವು.

ಇಷ್ಟು ಗೊತ್ತಿದ್ದವಳು 2004ರ ಆ ದಿನ ಏನು ಮಾಡಿದೆ ಗೊತ್ತಾ? ಅವತ್ತು ಭಾನುವಾರ. ನನ್ನ ತಂಗಿ ಚೆನ್ನೈನಲ್ಲಿದ್ದಳು. ಬೆಳಗ್ಗೆ ಏಳರ ಹೊತ್ತಿಗೆ ಫೋನ್ ಮಾಡಿ, "ಅಕ್ಕಾ, ಮಂಚ ಅಲ್ಲಾಡ್ತು, ಅಡುಗೆಮನೇಲಿ ಲೋಟ ಎಲ್ಲ ಗಲಗಲ ಅಂದ್ವು" ಅಂದಳು. "ಸುಮ್ನಿರೇ, ಆಗಿ ಹೋಯ್ತಲ್ಲ" ಅಂದೆ. ಭಾವ ಬೆಸೆಂಟ್ ನಗರದ ಬೀಚಿಗೆ ವಾಕಿಂಗ್ ಹೋದವರು ಎಂಟಕ್ಕೆಲ್ಲ ತಿಂಡಿಗೆ ವಾಪಸ್ ಬಂದರು. ಒಂಬತ್ತರ ಆಸುಪಾಸಿಗೆ ಅಲೆ ಬಂತು. ಭೂಮಿ ನಡುಗಿದ್ದು ಆರೂವರೆಗೆ. ನಡುವೆ ಎರಡು ಗಂಟೆಗೂ ಜಾಸ್ತಿ ಸಮಯವಿತ್ತು. ಆಗ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆ ಕೇಂದ್ರವೇ ಇರಲಿಲ್ಲ. ಹೈದರಾಬಾದಿನಲ್ಲಿ ಅದು ಶುರುವಾದದ್ದು 2007ರಲ್ಲಿ. ಈಗ ಭಾರತ, ಇಂಡೊನೇಷ್ಯಾ, ಆಸ್ಟ್ರೇಲಿಯಾ ಮೂರೂ ಸೇರಿ ಈ ಸಾಗರದ ಸುತ್ತಲ ದೇಶಗಳಿಗೆ ಸೂಚನೆ ಕೊಡುತ್ತವೆ. ನಾನು ತಂಗಿಗೆ ಹೇಳಿದ ಆ "ಸುಮ್ನಿರೇ" ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಹಿರಿಯರ ಇನ್ನೊಂದು ಪ್ರಶ್ನೆ: ನಾಲ್ಕಾರು ದೇಶ ಯಾಕೆ ಸೇರಬೇಕು? ಇಂಥ ಭೂಕಂಪ ಒಂದೇ ಜಾಗದಲ್ಲಿ ಮತ್ತೆ ಆಗುವುದು ನೂರಾರು ವರ್ಷಕ್ಕೊಮ್ಮೆ. ಒಬ್ಬರ ಆಯುಷ್ಯ ಸಾಲುವುದಿಲ್ಲ, ಒಂದು ದೇಶದ ದಾಖಲೆಯೂ ಸಾಲುವುದಿಲ್ಲ.

ನನಗೆ ತುಂಬಾ ಇಷ್ಟವಾದ ಕಥೆ ಒಂದಿದೆ. 1700ರ ಜನವರಿ ಕೊನೆಯಲ್ಲಿ ಜಪಾನಿನ ಕರಾವಳಿಯ ಕೆಲವು ಹಳ್ಳಿಗಳಿಗೆ ರಾತ್ರಿ ನೀರು ನುಗ್ಗಿತು. ಭೂಮಿ ಅಲ್ಲಾಡಿರಲೇ ಇಲ್ಲ. ಮಿಹೋ ಅನ್ನುವ ಹಳ್ಳಿಯ ಪಟೇಲರು, ಭೂಕಂಪವಿಲ್ಲದೆ ಸಮುದ್ರ ಯಾಕೆ ಹೀಗೆ ಉಕ್ಕಿತು ಅಂತ ತಲೆ ಕೆರೆದುಕೊಂಡು ಬರೆದಿಟ್ಟರು. ಇನ್ನೊಂದು ಕಡೆ, ಮನೆ ಕಳೆದುಕೊಂಡವರಿಗೆ ಅಕ್ಕಿ ಹಂಚಿದ್ದು ದಾಖಲಾಯಿತು. ಸುಮಾರು ಮುನ್ನೂರು ವರ್ಷ ಆ ಸುನಾಮಿಗೆ ಅಪ್ಪ-ಅಮ್ಮ ಯಾರೆಂದೇ ತಿಳಿಯಲಿಲ್ಲ. ಅತ್ತ ಅಮೆರಿಕದ ಪಶ್ಚಿಮ ತೀರದಲ್ಲಿ ಭೂವಿಜ್ಞಾನಿ ಬ್ರಯಾನ್ ಅಟ್ವಾಟರ್ ಮತ್ತು ಜೊತೆಗಾರರು ಉಪ್ಪುನೀರಿನಲ್ಲಿ ಮುಳುಗಿ ಸತ್ತ ಮರಗಳನ್ನು ಅಧ್ಯಯನ ಮಾಡುತ್ತಿದ್ದರು. ಇತ್ತ ಜಪಾನಿನ ಭೂಕಂಪ ವಿಜ್ಞಾನಿ ಕೆಂಜಿ ಸಟಾಕೆ ಮತ್ತು ಸಂಗಡಿಗರು ಹಳ್ಳಿಯ ಆ ಲೆಕ್ಕ ಹಿಡಿದು, ಅಲೆ ಸಾಗರ ದಾಟಲು ಬೇಕಾದ ಸಮಯ ಕಳೆದು ನೋಡಿದರು. 1700ರ ಜನವರಿ 26ರ ರಾತ್ರಿ ಸುಮಾರು ಒಂಬತ್ತು ಗಂಟೆಗೆ ಅಮೆರಿಕದ ಕಡೆ ಭೂಕಂಪ ಆಗಿರಬೇಕು ಅಂತ 1996ರಲ್ಲಿ ಹೇಳಿದರು. ಮರದ ಉಂಗುರಗಳನ್ನು ಎಣಿಸಿದರೆ, ಅವು ಸತ್ತದ್ದೂ ಅದೇ ಚಳಿಗಾಲದಲ್ಲಿ. ಒಂದು ದೇಶದಲ್ಲಿ ಮರ, ಇನ್ನೊಂದು ದೇಶದಲ್ಲಿ ಕಾಗದ.

ಸಮುದ್ರ ಕೊರೆಯುವ ವಿಷಯಕ್ಕೂ ಒಂದು ಮಾತು. 2011ರ ಮಾರ್ಚ್ 11ರ ಜಪಾನ್ ಭೂಕಂಪದಲ್ಲಿ ಸಮುದ್ರದಡಿಯ ನೆಲ ಕೆಲವು ಕಡೆ ಸುಮಾರು 50 ಮೀಟರ್ ಜಾರಿತ್ತು. ಯಾಕೆ ಅಷ್ಟೊಂದು? ಮರುವರ್ಷ ಹಲವು ದೇಶದವರು ಚಿಕ್ಯು ಅನ್ನುವ ಹಡಗಿನಲ್ಲಿ ಹೋಗಿ, ಸುಮಾರು 7 ಕಿ.ಮೀ. ಆಳದ ನೀರಿನ ತಳದಲ್ಲಿ ಮತ್ತೆ 800 ಮೀಟರಿಗೂ ಹೆಚ್ಚು ಕೊರೆದರು. ಸಿಕ್ಕಿದ್ದು ಐದು ಮೀಟರಿಗಿಂತ ತೆಳುವಾದ ಜೇಡಿಮಣ್ಣಿನ ಪದರ, ಅದೂ ಸಿಕ್ಕಾಪಟ್ಟೆ ಜಾರುವಂಥದ್ದು. ಮಳೆಗಾಲದಲ್ಲಿ ಕೆರೆ ಏರಿಯ ಮೇಲೆ ಜಾರಿ ಬಿದ್ದವರಿಗೆ ವಿವರಿಸಬೇಕಿಲ್ಲ.

ಈಗ ನಮ್ಮ ಕರಾವಳಿ. ನಮಗೆ ಸುನಾಮಿ ಅಂದರೆ ಬರೀ ಬಂಗಾಳಕೊಲ್ಲಿ. ಆದರೆ ಅರಬ್ಬೀ ಸಮುದ್ರದ ಉತ್ತರದಲ್ಲಿ, ಇರಾನ್-ಪಾಕಿಸ್ತಾನದ ತೀರದಲ್ಲಿ, ಮಕ್ರಾನ್ ಅನ್ನುವ ಇಂಥದ್ದೇ ಸಬ್‌ಡಕ್ಷನ್ ವಲಯವಿದೆ. 1945ರ ನವೆಂಬರ್ 28ರ ಬೆಳಗಿನ ಜಾವ ಅಲ್ಲಿ 8.1 ತೀವ್ರತೆಯ ಭೂಕಂಪವಾಗಿ ಮುಂಬೈವರೆಗೂ ಅಲೆ ಬಂದು ಜನ ಸತ್ತರು. ಆಚೆ ತೀರದಲ್ಲಿ ಯುನೆಸ್ಕೊ ನೆರವಿನಿಂದ ಮುದುಕರನ್ನು ಮಾತಾಡಿಸಿ ಆ ದಿನದ ನೆನಪು ಬರೆದುಕೊಂಡಿದ್ದಾರೆ. ರಾಜಕೀಯ ಏನೇ ಇರಲಿ, ಭಾರತ, ಪಾಕಿಸ್ತಾನ, ಇರಾನ್, ಒಮಾನ್ ಒಂದೇ ಮೇಜಿನಲ್ಲಿ ಕೂರಬೇಕಾದ ವಿಷಯ ಇದು. 2018ರ ಸೆಪ್ಟೆಂಬರಿನಲ್ಲಿ ಮಕ್ರಾನ್ ಭೂಕಂಪವಾಗಿದೆ ಅಂತ ಇಟ್ಟುಕೊಂಡು ಹಿಂದೂ ಮಹಾಸಾಗರದ ದೇಶಗಳು ಒಟ್ಟಾಗಿ ಅಣಕು ಕಸರತ್ತನ್ನೂ ಮಾಡಿದ್ದವು.

ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಈ ಮಕ್ರಾನ್ ವಿಷಯದಲ್ಲೇ ಸಂಶೋಧನೆ ಮಾಡುತ್ತಿದ್ದಾಳೆ. ಉಬ್ಬರ-ಇಳಿತದ ಹಳೇ ರಿಜಿಸ್ಟರ್ ಹುಡುಕಿಕೊಂಡು ಒಂದು ಕಚೇರಿಗೆ ಮೂರು ಸಲ ಅಲೆದಳು. ಮೊದಲ ಸಲ ಸಾಹೇಬರು ರಜೆ. ಎರಡನೇ ಸಲ ಅರ್ಜಿ ಸರಿ ಇಲ್ಲ. ಮೂರನೇ ಸಲ "ಕಟ್ಟಡ ಬದಲಾಯಿಸುವಾಗ ಎಲ್ಲೋ ಹೋಯ್ತಮ್ಮ" ಅಂದರು. ಜಪಾನಿನ ಹಳ್ಳಿ ಪಟೇಲರ ಕಾಗದ ಮುನ್ನೂರು ವರ್ಷ ಉಳಿಯಿತು. ನಮ್ಮದು ಎಂಬತ್ತು ವರ್ಷ ಬಾಳಲಿಲ್ಲ. ಇಂಥ ರಿಜಿಸ್ಟರ್ ಇನ್ನೂ ಯಾವ ಕಪಾಟಿನಲ್ಲಾದರೂ ಉಳಿದಿದ್ದರೆ, ದಯವಿಟ್ಟು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡಲಿ. ಹೊರಗಿನವರ ದತ್ತಾಂಶ ನಮಗೆ ಬೇಕು, ನಮ್ಮದು ಮಾತ್ರ ಬೀಗದೊಳಗೆ ಅಂದರೆ ಅದೆಂಥ ಸಹಕಾರ?

ಹಾಗೆಯೇ ನಿಮ್ಮ ಕರಾವಳಿಯ ಓದುಗರಲ್ಲಿ ಒಂದು ಕೋರಿಕೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರದ ಕಡೆ ಯಾರ ಮನೆಯಲ್ಲಾದರೂ 1945ರ ಖಾತೆ ಪುಸ್ತಕ, ದೇವಸ್ಥಾನದ ಲೆಕ್ಕ, ದಿನಚರಿ ಇದ್ದರೆ ನವೆಂಬರ್ ಕೊನೆಯ ಪುಟಗಳನ್ನು ನೋಡಿ. ದೋಣಿ ಕೊಚ್ಚಿಹೋಯಿತು, ಗದ್ದೆಗೆ ಉಪ್ಪುನೀರು ನುಗ್ಗಿತು, ಮೀನು ಬರಲಿಲ್ಲ ಅಂತ ಒಂದು ಸಾಲಿದ್ದರೂ ಸಾಕು. ಏನೂ ಆಗಲಿಲ್ಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಫೋಟೊ ತೆಗೆದು ಈ ಪತ್ರಿಕೆಗೆ ಕಳಿಸಿದರೆ ಸಂಪಾದಕರು ತಕ್ಕವರಿಗೆ ತಲುಪಿಸುತ್ತಾರೆ ಅಂತ ನಂಬಿದ್ದೇನೆ.

ಅಂದಹಾಗೆ, ಪಾರ್ಕಿನ ಆ ಹಿರಿಯರ ಊರು ಕುಮಟಾವಂತೆ. ನಿನ್ನೆ ತಿಳಿಯಿತು. ಅವರ ಅಜ್ಜನದು ಕೊಬ್ಬರಿ ವ್ಯಾಪಾರ, ಪುಸ್ತಕಗಳೆಲ್ಲ ಅಟ್ಟದ ಮೇಲೆ ಗಂಟು ಕಟ್ಟಿಟ್ಟಿವೆ. ದೀಪಾವಳಿಗೆ ಹೋದಾಗ ಬಿಚ್ಚಿ ನೋಡುತ್ತೇನೆ ಅಂದಿದ್ದಾರೆ, ಗೆದ್ದಲು ಏನಾದರೂ ಉಳಿಸಿದ್ದರೆ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಯಶವಂತಪುರ, ಬೆಂಗಳೂರು