ಹಾಜರಿ ಪುಸ್ತಕದಲ್ಲಿ ಹೆಸರು ಇರಲಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಪತ್ರ ಓದಿದೆ. ಕೇಸಿನಲ್ಲಿ ಸಿಕ್ಕಿದ ಹುಡುಗರನ್ನು ವಿಚಾರಣೆ ಮುಗಿಯುವ ತನಕ ಇರಿಸುವ ವೀಕ್ಷಣಾಲಯದಲ್ಲಿ ಪಾಠ ಹೇಳಲು ಸೇರಿ ತಿಂಗಳೂ ಆಗಿಲ್ಲ, ಆಗಲೇ ಕೈಚೆಲ್ಲುವ ಮಾತು ಬರೆದಿದ್ದೀಯ. ಸೋಮವಾರ ಇದ್ದ ಹುಡುಗ ಗುರುವಾರ ಇರುವುದಿಲ್ಲ. ಒಂದೇ ಹಾಲ್‌ನಲ್ಲಿ ಅಕ್ಷರ ಬಾರದವನೂ ಪಿಯುಸಿ ಸೈನ್ಸ್‌ನವನೂ ಪಕ್ಕಪಕ್ಕ ಕೂತಿರುತ್ತಾರೆ. ಸಿಲೆಬಸ್ ಮುಗಿಸುವುದು ಹೇಗೆ ಅಂತ ಕೇಳಿದ್ದೀಯ. ಮುಗಿಸುವ ಯೋಚನೆಯನ್ನೇ ಬಿಡು.

ನಾನೂ ಹೈಸ್ಕೂಲಿನಿಂದ ನಿಯೋಜನೆ ಮೇಲೆ ಹೋಗಿ ಇಂಥದ್ದೇ ಕಡೆ ಗಣಿತ ಹೇಳಿದವಳು. ಆಗ ಊರವರೆಲ್ಲ ಅದನ್ನು ರಿಮ್ಯಾಂಡ್ ಹೋಮ್ ಅಂತಲೇ ಕರೆಯುತ್ತಿದ್ದರು, ಈಗಲೂ ಹಾಗೇ ಕರೆಯುತ್ತಾರೆ. ಅಲ್ಲಿ ನಾನು ಕಂಡದ್ದು ಇಷ್ಟು. ಹುಡುಗ ಮತ್ತೆ ಶಾಲೆಗೆ ಹೋಗುತ್ತಾನೋ ಇಲ್ಲವೋ ಅನ್ನುವುದು ಅವನು ಹೊರಗೆ ಬಂದ ಮೇಲೆ ತೀರ್ಮಾನ ಆಗುವುದಲ್ಲ. ಅವನು ಒಳಗೆ ಬಂದ ಮೊದಲ ವಾರಗಳಲ್ಲೇ, ಅವನ ಏರಿಯಾದ ಶಾಲೆಯ ಆಫೀಸ್ ರೂಮಿನಲ್ಲಿ, ಹಾಜರಿ ಪುಸ್ತಕದ ಅವನ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತದಲ್ಲ, ಅಲ್ಲಿಗೆ ಮುಗಿಯಿತು. ಆಮೇಲೆ ನೀನು ಎಷ್ಟು ಚೆನ್ನಾಗಿ ಪಾಠ ಮಾಡಿದ್ದರೂ ಅವನಿಗೆ ಹೋಗಿ ಕೂರಲು ಬೆಂಚು ಇರುವುದಿಲ್ಲ.

ಹಾಗಾಗಿ ಹೊಸ ಹುಡುಗ ಬಂದ ದಿನವೇ ಕೇಳಿಕೋ. ಯಾವ ಶಾಲೆ, ಯಾವ ತರಗತಿ, ಯಾವ ಸೆಕ್ಷನ್, ಕ್ಲಾಸ್ ಟೀಚರ್ ಯಾರು. ಬಿಟ್ಟಿದ್ದರೆ ಯಾವಾಗ ಬಿಟ್ಟೆ, ಯಾಕೆ ಬಿಟ್ಟೆ. ಏನು ಮಾಡಿ ಬಂದೆ ಅಂತ ಮಾತ್ರ ನೀನು ಕೇಳಬೇಡ. ಅದನ್ನು ಕೇಳುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ವಿವರ ಸಿಕ್ಕಿತು ಅಂತ ನೀನೇ ಫೋನ್ ಎತ್ತಿ ಶಾಲೆಗೆ ಹೇಳಿಬಿಡಬೇಡ ಮತ್ತೆ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಓದು. ಮಗುವಿನ ಹೆಸರು, ವಿಳಾಸದ ಜೊತೆಗೆ ಅವನ ಶಾಲೆ ಯಾವುದು ಅನ್ನುವುದನ್ನೂ ಹೊರಗೆ ಬಿಡಬಾರದು ಅಂತ ಅಲ್ಲಿದೆ. ಶಾಲೆ ಅನ್ನುವ ಮಾತನ್ನು ಬಿಡಿಸಿ ಬರೆದಿದ್ದಾರೆ. ಅಲ್ಲಿಂದಲೇ ಸುದ್ದಿ ಹಬ್ಬುವುದು ಅಂತ ಅವರಿಗೂ ಗೊತ್ತಿರಬೇಕು. ಆದ್ದರಿಂದ ಹುಡುಗನ ಮನೆ, ಶಾಲೆ ವಿಚಾರಿಸಿ ವರದಿ ಕೊಡುವ ಪರಿವೀಕ್ಷಣಾಧಿಕಾರಿ, ಅಂದರೆ ನಿಮ್ಮಲ್ಲಿ ಎಲ್ಲರೂ ಪಿ.ಓ. ಅನ್ನುತ್ತಾರಲ್ಲ, ಅವರ ಮೂಲಕ ಹೋಗು. ತಾಯಿ ತಂದೆಯ ಒಪ್ಪಿಗೆ ಇರಲಿ. ಮಾತು ಮುಖ್ಯೋಪಾಧ್ಯಾಯರ ಜೊತೆ ಮಾತ್ರ ಆಗಲಿ, ಅದೂ ಅವರ ಕೋಣೆಯಲ್ಲಿ, ಗುಮಾಸ್ತರು ಊಟಕ್ಕೆ ಹೋದ ಹೊತ್ತು ನೋಡಿಕೊಂಡು. ಕೇಳಬೇಕಾದ್ದು ಒಂದೇ: ಹೆಸರು ಹೊಡೆಯಬೇಡಿ, ಹುಡುಗ ಬರುತ್ತಾನೆ.

ಎಷ್ಟೋ ಹೆಡ್‌ಮಾಸ್ಟರುಗಳು ಒಳ್ಳೆಯವರೇ, ಹೇಳಿದರೆ ಕೇಳುತ್ತಾರೆ. ಕೇಳದವರಿಗೆ ಹೇಳಲು ಕಾನೂನು ಇದೆ. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಟಿಸಿ ತಡವಾಯಿತು ಅಂತ ಸರ್ಕಾರಿ, ಅನುದಾನಿತ ಶಾಲೆಗಳು ಆ ಹಂತದಲ್ಲಿ ದಾಖಲಾತಿ ನಿರಾಕರಿಸುವ ಹಾಗೂ ಇಲ್ಲ. ತೊಂದರೆ ಏನಂದರೆ ಆ ಕಾಯ್ದೆ 14 ವರ್ಷಕ್ಕೆ ನಿಲ್ಲುತ್ತದೆ, ನಿನ್ನ ಹಾಲ್‌ನಲ್ಲಿರುವವರಲ್ಲಿ ಹೆಚ್ಚಿನವರು ಅದನ್ನು ದಾಟಿದವರು. ಅವರಿಗೆ ಇಂಥ ಹುಡುಗರ ಕೇಸು ನಡೆಸುವ ಬಾಲ ನ್ಯಾಯ ಮಂಡಳಿಯೇ ಗತಿ. ಮಂಡಳಿ ಕೊನೆಗೆ ಆದೇಶ ಮಾಡುವಾಗ ಅದರ ಜೊತೆಗೇ ‘ಶಾಲೆಗೆ ಹೋಗತಕ್ಕದ್ದು’ ಅಂತ ಸೇರಿಸಬಹುದು. ಬಾಲ ನ್ಯಾಯ ಕಾಯ್ದೆಯ 18ನೇ ಕಲಂನಲ್ಲಿ ಅದಕ್ಕೆ ಅವಕಾಶ ಇದೆ. ಯಾರಾದರೂ ಕೇಳಿದರೆ ಸೇರಿಸುತ್ತಾರೆ. ಕೇಳುವವರು ಬೇಕು, ಅಷ್ಟೇ. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ಪ್ರತಿ ಹುಡುಗನಿಗೂ ಒಂದು ವೈಯಕ್ತಿಕ ಪಾಲನಾ ಯೋಜನೆ ಬರೆಯುತ್ತಾರಲ್ಲ, ಅದರ ಶಿಕ್ಷಣದ ಭಾಗವನ್ನು ನೀನೇ ಕೂತು ತುಂಬಿಸು. ‘ಓದಿನಲ್ಲಿ ಆಸಕ್ತಿ ಇದೆ’ ಅಂತ ಒಂದು ಸಾಲು ಗೀಚಿ ಬಿಡುವವರೇ ಜಾಸ್ತಿ. ನೀನು ಶಾಲೆಯ ಹೆಸರು, ತರಗತಿ, ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಎಸ್‌ಎಟಿಎಸ್ ನಂಬರ್, ಯಾವ ವಿಷಯದಲ್ಲಿ ಎಲ್ಲಿಗೆ ನಿಂತಿದ್ದಾನೆ, ಮುಂದಿನ ಪರೀಕ್ಷೆ ಯಾವಾಗ, ಎಲ್ಲ ಬರೆ. ನಂಬರ್ ಇದ್ದರೆ ಅರ್ಧ ಕೆಲಸ ಆದ ಹಾಗೆ. ಹಳೇ ಅಂಕಪಟ್ಟಿಯಲ್ಲಿ ಸಿಗುತ್ತದೆ, ಇಲ್ಲವಾದರೆ ಕೊನೆಗೆ ಓದಿದ ಶಾಲೆಯಲ್ಲಿ.

ಇನ್ನು ಪಾಠ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಬೇಕಾದರೆ ಇನ್ನೆರಡು ತಿಂಗಳು ಅಂತ ಕಾನೂನಿನಲ್ಲಿದೆ. ಆದರೆ ಯಾವ ಹುಡುಗ ಯಾವಾಗ ಹೋಗುತ್ತಾನೆ ಅಂತ ಹೇಳಲಾಗದು. ಒಬ್ಬನಿಗೆ ಮೂರೇ ದಿನಕ್ಕೆ ಜಾಮೀನು. ಇನ್ನೊಬ್ಬನಿಗೆ ಜಾಮೀನು ಸಿಕ್ಕರೂ ಕರೆದುಕೊಂಡು ಹೋಗಲು ಬರುವವರಿಲ್ಲ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಇನ್ನೆಲ್ಲಿಗೋ ಹೋಗಿರುತ್ತಾರೆ. ಆದ್ದರಿಂದ ನಿನ್ನ ಪ್ರತಿ ಪಾಠವೂ ಆ ಒಂದು ಗಂಟೆಯಲ್ಲೇ ಮುಗಿಯುವ ಹಾಗಿರಲಿ. ನಾಳೆ ಮುಂದುವರಿಸೋಣ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಒಂದು ಹಾಳೆ, ಒಂದು ವಿಷಯ, ಕೆಳಗೆ ತಾರೀಖು, ನಿನ್ನ ಸಹಿ. ಆ ಹಾಳೆಗಳೆಲ್ಲ ಅವನ ಫೈಲಿಗೆ.

ಬೇರೆ ಬೇರೆ ಮಟ್ಟದವರನ್ನು ಒಟ್ಟಿಗೆ ಕೂರಿಸುವುದು ಹೊಸ ಕಷ್ಟ ಏನಲ್ಲ ಬಿಡು. ನಲಿ-ಕಲಿ ನೀನು ಬಲ್ಲೆ. ಹೆಗ್ಗಡದೇವನಕೋಟೆ ತಾಲೂಕಿನ ಸಣ್ಣ ಶಾಲೆಗಳಲ್ಲಿ 1995ರ ಹೊತ್ತಿಗೆ ಶುರುವಾದ ಪದ್ಧತಿ. ಒಂದೇ ಕೋಣೆ, ಹಲವು ತರಗತಿ, ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು, ತನ್ನದೇ ಕಾರ್ಡು. ಆ ಕ್ರಮವನ್ನು ತೆಗೆದುಕೋ, ಆದರೆ ಕಾರ್ಡುಗಳನ್ನು ಬೇಡ. ಹದಿನಾರರ ಹುಡುಗನ ಕೈಗೆ ಗಿಣಿ, ಮೊಲದ ಚಿತ್ರ ಕೊಟ್ಟರೆ ಅವನಿಗೆ ಅವಮಾನ ಆಗುತ್ತದೆ, ಆಮೇಲೆ ನಿನ್ನ ಹತ್ತಿರ ಸುಳಿಯುವುದಿಲ್ಲ. ಬಸ್ಸಿನ ಬೋರ್ಡು, ಕೂಲಿ ಚೀಟಿ, ಸಿನಿಮಾ ಪೋಸ್ಟರು, ಅಮ್ಮನಿಗೆ ಒಂದು ಕಾಗದ, ಇವೇ ಅವನ ಪಠ್ಯ. ಅಮ್ಮನಿಗೆ ಕಾಗದ ಬರೆಯಬೇಕು ಅನ್ನುವ ಆಸೆಯಿಂದಲೇ ಒತ್ತಕ್ಷರ ಕಲಿತ ಹುಡುಗರನ್ನು ನಾನು ನೋಡಿದ್ದೇನೆ.

ಗಣಿತದ ಒಂದು ವಿಷಯ ಹೇಳುತ್ತೇನೆ, ನಿನಗೂ ಬೇಕಾದೀತು. ಒಳಗೆ ಕಂಪಾಸ್ ಬಾಕ್ಸ್ ಬಿಡುತ್ತಿರಲಿಲ್ಲ. ಕೈವಾರದ ಮುಳ್ಳಿನ ಭಯ. ಭಯ ಸುಳ್ಳೂ ಅಲ್ಲ, ವಾದ ಮಾಡಿ ಪ್ರಯೋಜನ ಇಲ್ಲ. ಆದರೆ ಆಗ ಹತ್ತನೇ ತರಗತಿಗೆ ವೃತ್ತಕ್ಕೆ ಸ್ಪರ್ಶಕ ಎಳೆಯುವ ರಚನೆಗಳು ಬೇಕೇ ಬೇಕಿತ್ತು. ಹಳೇ ಮದುವೆ ಕಾರ್ಡುಗಳಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಸೆಂಟಿಮೀಟರಿಗೊಂದರಂತೆ ತೂತು ಹಾಕಿ ಮನೆಯಿಂದಲೇ ತಯಾರು ಮಾಡಿಕೊಂಡು ಹೋಗುತ್ತಿದ್ದೆ. ಒಂದು ತೂತಿನಲ್ಲಿ ಮೊಂಡು ಪೆನ್ಸಿಲ್ ಊರಿ ಹಿಡಿ, ಇನ್ನೊಂದರಲ್ಲಿ ಬರೆಯುವ ಪೆನ್ಸಿಲ್ ಇಟ್ಟು ತಿರುಗಿಸು, ವೃತ್ತ ಆಯಿತು. ನಾಲ್ಕು ಸೆಂಟಿಮೀಟರ್ ತ್ರಿಜ್ಯಕ್ಕೆ ಊರಿದ ತೂತು ಬಿಟ್ಟು ನಾಲ್ಕು ತೂತು ಎಣಿಸಿದರೆ ಸಾಕು. ಗಾರೆ ಕೆಲಸಕ್ಕೆ ಹೋಗುತ್ತಿದ್ದ ಹುಡುಗನೊಬ್ಬ ಅದನ್ನು ತಿರುಗಿಸಿ ನೋಡಿ, “ಮಿಸ್, ಕಮಾನಿಗೆ ನಾವು ಹೀಗೇ ದಾರ ಕಟ್ಟಿ ಎಳೀತೀವಿ” ಅಂದ. ಆರನೇ ತರಗತಿಗೆ ಶಾಲೆ ಬಿಟ್ಟವನು. ಆವತ್ತಿನ ಪಾಠ ಅವನೇ ಮಾಡಿದ, ಹತ್ತನೇ ತರಗತಿಯವರು ಕೇಳಿಸಿಕೊಂಡರು.

ಪರೀಕ್ಷೆ ವಿಚಾರದಲ್ಲಿ ಉದಾಸೀನ ಬೇಡವೇ ಬೇಡ. ಎಸ್‌ಎಸ್‌ಎಲ್‌ಸಿ ಹುಡುಗ ಒಳಗಿದ್ದರೆ ಅವನ ಶಾಲೆಯಿಂದ ನೋಂದಣಿ ಆಗಿದೆಯಾ, ಹಾಜರಾತಿ ಕಡಿಮೆ ಅಂತ ತಡೆದಿದ್ದಾರಾ, ಹಾಲ್ ಟಿಕೆಟ್ ಯಾರ ಕೈಗೆ ಬರುತ್ತದೆ, ಎಲ್ಲವನ್ನೂ ಡಿಸೆಂಬರ್ ಒಳಗೇ ನೋಡು. ಪರೀಕ್ಷೆಗೆ ಕರೆದೊಯ್ಯಲು ಬಾಲ ನ್ಯಾಯ ಮಂಡಳಿಯ ಅನುಮತಿಗೆ ಮುಂಚೆಯೇ ಅರ್ಜಿ ಹಾಕಿಸು. ಜೊತೆಗೆ ಹೋಗುವವರು ಸಾದಾ ಬಟ್ಟೆಯಲ್ಲಿರಲಿ ಅಂತ ಅರ್ಜಿಯಲ್ಲೇ ಬರೆಸು. ಮಕ್ಕಳ ವಿಷಯದಲ್ಲಿ ಪೊಲೀಸರು ಸಮವಸ್ತ್ರ ಹಾಕಬಾರದು ಅಂತ ನಿಯಮವೇ ಇದೆ. ಗಾಡಿಯನ್ನು ಪರೀಕ್ಷಾ ಕೇಂದ್ರದ ಗೇಟಿಗೆ ತರಬೇಡಿ, ತಿರುವಿನಲ್ಲೇ ಇಳಿಸಿ ಅಂತ ಡ್ರೈವರ್‌ಗೆ ಹೇಳು. ಗೇಟಿನಲ್ಲಿ ಅವನ ಕ್ಲಾಸಿನವರೆಲ್ಲ ನಿಂತಿರುತ್ತಾರೆ. ಆ ಹೊತ್ತಿಗೆ ಅವನು ಓದಿದ್ದೆಲ್ಲ ಮರೆತು ಹೋಗುತ್ತದೆ.

ಕಾಗದ ಪತ್ರದಲ್ಲೂ ಇದೇ ಎಚ್ಚರ. ನೋಟ್‌ಬುಕ್ಕಿನ ಮೇಲೆ ಸಂಸ್ಥೆಯ ಸೀಲು ಬೇಡ. ಸ್ವಲ್ಪ ದಿನಕ್ಕೆ ಬಂದವನ ಹೆಸರು ಅವನ ಹಳೇ ಶಾಲೆಯಲ್ಲೇ ಉಳಿಯಲಿ. ತಪ್ಪು ಸಾಬೀತಾದವರನ್ನು ಇರಿಸುವ ವಿಶೇಷ ಗೃಹಕ್ಕೆ ವರ್ಷಗಟ್ಟಲೆ ಹೋಗುವವನಾದರೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ದಾಖಲು ಮಾಡಿಸಿದರೆ ಒಳ್ಳೆಯದು, ಅಂಕಪಟ್ಟಿಯಲ್ಲಿ ಆ ಶಾಲೆಯ ಹೆಸರು ಬರುತ್ತದೆ. ಒಂದು ಶಾಲೆಯವರು ಟಿಸಿಯ ಕಾರಣದ ಕಾಲಂನಲ್ಲಿ ನೆಟ್ಟಗೆ ‘ಪೊಲೀಸ್ ಕೇಸ್’ ಅಂತಲೇ ಬರೆದು ಕೊಟ್ಟಿದ್ದರು. ಆ ತಾಯಿ ಅದನ್ನು ಹಿಡಿದು ಶಾಲೆಯಿಂದ ಶಾಲೆಗೆ ಅಲೆದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಎಲ್ಲರೂ ಯಾಕೆ ಬೇಡ ಅನ್ನುತ್ತಿದ್ದಾರೆ ಅಂತ ಗೊತ್ತೇ ಆಗಿರಲಿಲ್ಲ. ಟಿಸಿ ಕೈಗೆ ಬಂದ ಕೂಡಲೇ ನೀನು ಓದು. ಹಾಗೇನಾದರೂ ಇದ್ದರೆ ಬದಲಿಸಿ ಕೊಡುವ ತನಕ ಬಿಡಬೇಡ. ಬಾಲ ನ್ಯಾಯ ಕಾಯ್ದೆಯಡಿ ವಿಚಾರಣೆ ಮುಗಿದ ಮಗುವಿಗೆ ಅದರಿಂದ ಯಾವ ಅನರ್ಹತೆಯೂ ಅಂಟುವಂತಿಲ್ಲ ಅಂತ 24ನೇ ಕಲಂ ಹೇಳುತ್ತದೆ. 16 ದಾಟಿ ಘೋರ ಅಪರಾಧದಲ್ಲಿ ಮಕ್ಕಳ ನ್ಯಾಯಾಲಯಕ್ಕೆ ಹೋದವರ ಮಾತು ಬೇರೆ.

ಎಲ್ಲರನ್ನೂ ಹಳೇ ಶಾಲೆಗೇ ಕಳಿಸಬೇಕು ಅಂತ ಹಟ ಹಿಡಿಯಬೇಡ. ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕೇಸಿನಲ್ಲಿ ಬಂದ ಹುಡುಗರು ನಿನ್ನಲ್ಲಿ ಇರುತ್ತಾರೆ. ಕೆಲವರದು ಪ್ರೀತಿ ಮಾಡಿ ಓಡಿಹೋದ ಕಥೆ, ಕೆಲವರದು ಹಾಗಲ್ಲ. ಯಾವುದೇ ಆಗಲಿ, ಆ ಹುಡುಗಿ ಅದೇ ಶಾಲೆಯಲ್ಲಿ ಓದುತ್ತಿದ್ದರೆ ಅವಳ ಬೆಂಚು ಮೊದಲು. ಇವನು ಬೇರೆ ಶಾಲೆಗೆ ಹೋಗಲಿ. ಹೊಡೆದಾಟದಲ್ಲಿ ಏಟು ತಿಂದವನು ಅದೇ ಬೀದಿಯಲ್ಲಿದ್ದರೂ ಅಷ್ಟೇ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಹುಡುಗನಿಗೆ ಅನ್ಯಾಯ ಅಂತ. ನನಗೆ ಹಾಗನಿಸುವುದಿಲ್ಲ.

ಮೊದಲ ದಿನಕ್ಕೆ ನನ್ನದೊಂದು ಲೆಕ್ಕ ಇದೆ. ಶನಿವಾರ ಕಳಿಸು. ಬೆಳಗಿನ ಶಾಲೆ, ಅರ್ಧ ದಿನಕ್ಕೆ ಮುಗಿಯುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಸೇರಿಸು, ಮೈದಾನದಲ್ಲಿ ಎಲ್ಲರ ಎದುರು ನಿಲ್ಲುವುದು ಬೇಡ. ಭಾನುವಾರ ಮನೆಯಲ್ಲಿ ಉಸಿರು ಬಿಟ್ಟು, ಸೋಮವಾರ ಹೋಗುವಾಗ ಅವನಾಗಲೇ ಆ ಕ್ಲಾಸಿನವನು. ಇಷ್ಟು ದಿನ ಎಲ್ಲಿದ್ದೆ ಅಂತ ಹುಡುಗರು ಕೇಳಿಯೇ ಕೇಳುತ್ತಾರೆ. ಏನು ಹೇಳಬೇಕು ಅಂತ ಅವನೇ ಮೊದಲೇ ಯೋಚಿಸಿಟ್ಟುಕೊಳ್ಳಲಿ, ನೀನು ಸುಮ್ನೆ ಕೇಳಿಸಿಕೋ. ಮಂಡಳಿಯ ತಾರೀಖುಗಳನ್ನೂ ಮರೆಯಬೇಡ. ಶಾಲೆಗೆ ಮರಳಿದ ಮೇಲೂ ಕೇಸು ನಡೆಯುತ್ತಿರುತ್ತದೆ. ತಿಂಗಳಿಗೊಮ್ಮೆ ಹುಡುಗ ಮಾಯ ಆದರೆ ಎರಡನೇ ಸಲಕ್ಕೆ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಶಾಲೆ ಇಲ್ಲದ ಹೊತ್ತಿಗೆ ತಾರೀಖು ಕೊಡಿ ಅಂತ ಕೇಳಿ ನೋಡು, ಆದಷ್ಟು ಆಗಲಿ. ಮೊದಲ ತಿಂಗಳು ಪಿ.ಓ. ವಾರಕ್ಕೊಮ್ಮೆ ಹೆಡ್‌ಮಾಸ್ಟರ ಹತ್ತಿರ ವಿಚಾರಿಸಲಿ. ಎರಡು ದಿನ ಗೈರು ಅಂದರೆ ಮೂರನೇ ದಿನ ಮನೆ ಹತ್ತಿರ ಹೋಗಬೇಕು. ವಾರ ಬಿಟ್ಟರೆ ಗಾರ್ಮೆಂಟ್ಸಿಗೋ ಗ್ಯಾರೇಜಿಗೋ ಸೇರಿಬಿಟ್ಟಿರುತ್ತಾನೆ, ಸಂಬಳದ ರುಚಿ ಹತ್ತಿದ ಮೇಲೆ ಕಷ್ಟ.

ದೊಡ್ಡ ಹುಡುಗರಲ್ಲಿ ಎಷ್ಟೋ ಜನರಿಗೆ ಮರಳಿ ಹೋಗಲು ಶಾಲೆಯೇ ಇರುವುದಿಲ್ಲ, ಕೇಸಿಗೆ ಎಷ್ಟೋ ಮುಂಚೆಯೇ ಬಿಟ್ಟವರು. ಅವರನ್ನು ಒಂಬತ್ತನೇ ತರಗತಿಯ ಚಿಕ್ಕ ಹುಡುಗರ ನಡುವೆ ತುರುಕಬೇಡ. ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್ ಅನ್ನುತ್ತಾರಲ್ಲ, ಅದರಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯಲು ಅವಕಾಶ, ಪಾಸಾದ ವಿಷಯ ಹಾಗೇ ಉಳಿಯುತ್ತದೆ. ಜಾಮೀನಿನ ಮೇಲೆ ಹೊರಗೆ ಹೋಗಿ ಕೆಲಸ ಮಾಡುತ್ತಲೇ ಬರೆಯಬಹುದು. ನಮ್ಮ ರಾಜ್ಯದ ಪರೀಕ್ಷಾ ಮಂಡಳಿಯ ಎಸ್‌ಎಸ್‌ಎಲ್‌ಸಿಯನ್ನೂ ಖಾಸಗಿಯಾಗಿ ಕಟ್ಟಬಹುದು. ಎಂಟನೇ ತರಗತಿ ಪಾಸಾದವನಿಗೆ ಐಟಿಐನಲ್ಲಿ ವೆಲ್ಡರ್, ವೈರ್‌ಮ್ಯಾನ್ ಥರದ ಕೆಲವು ಟ್ರೇಡ್‌ಗಳಿವೆ. ಅಷ್ಟೂ ಓದದವನಿಗೆ ಸಹಿ ಹಾಕಲು, ಕೂಲಿ ಲೆಕ್ಕ ನೋಡಲು ಕಲಿಸಿದರೂ ದೊಡ್ಡದೇ.

ಮದುವೆ ಕಾರ್ಡಿನ ಪಟ್ಟಿಗಳನ್ನು ಒಂದಷ್ಟು ಮಾಡಿಸಿ ಕಳಿಸುತ್ತೇನೆ, ನಿನ್ನ ದೊಡ್ಡಪ್ಪನಿಗೆ ಈಗ ಬೇರೆ ಕೆಲಸ ಇಲ್ಲ. ನೀನು ಈಗ ಇರುವ ಹುಡುಗರ ಶಾಲೆ, ತರಗತಿ, ಎಸ್‌ಎಟಿಎಸ್ ನಂಬರಿನ ಪಟ್ಟಿ ಮಾಡಿ ನಿನ್ನ ಬೀರುವಿನಲ್ಲೇ ಇಟ್ಟುಕೋ, ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡ, ನನಗೂ ಬೇಡ. ಸೇರಿಸಬೇಕಾದವರ ವಿಷಯಕ್ಕೆ ಪಿ.ಓ. ಅವರನ್ನು ಕರೆದುಕೊಂಡು ಮೇ ತಿಂಗಳಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಓ) ಆಫೀಸಿಗೆ ಹೋಗಿ ಬಾ. ಜೂನ್ ಬಂತೆಂದರೆ ಅಲ್ಲಿ ಯಾರೂ ಕೈಗೆ ಸಿಗುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ