ವಾಕ್ಯ ಮುಗಿದ ಮೇಲೆ ಚುಕ್ಕಿ ಇಡಲು ಏನು ಕಷ್ಟ?

ಮಾನ್ಯ ಸಂಪಾದಕರೇ,

ಅರ್ಜಿ ನವೀಕರಣದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಮೊನ್ನೆ ಬಂದ ಕಚೇರಿ ಪ್ರಕಟಣೆಯನ್ನು ಎಲ್ಲರೂ ಓದಿದ್ದಾರೆ. ಅದರಲ್ಲಿದ್ದದ್ದು ಇಷ್ಟು: "ಹಳೆ ಅರ್ಜಿದಾರರು ಬಂದು ಸಹಿ ಮಾಡಬೇಕು, ಹೊಸಬರು ಫಾರಂ ತುಂಬಬೇಕು, ಮೂಲ ದಾಖಲೆ ತರಬೇಕು, ಶುಕ್ರವಾರ ಕೊನೆಯ ದಿನ."

ದಾಖಲೆ ತರಬೇಕಾದವರು ಯಾರು? ಹೊಸಬರು ಮಾತ್ರವೋ, ಎಲ್ಲರೋ? ಹೊಸಬರ ಮಾತಿಗೇ ಅಲ್ಪವಿರಾಮ ಹಾಕಿ ಮುಂದುವರಿಸಿದ್ದಾರೆ. ಅವರಿಗೇ ಹೇಳಿದ್ದು ಅಂತಲೇ ಯಾರಾದರೂ ಓದುತ್ತಾರೆ, ಅಲ್ವಾ? ನಮ್ಮದು ಹಳೆ ಅರ್ಜಿ. ಕೆಲಸಕ್ಕೆ ರಜೆ ಹಾಕಿ, ಮಂಡಿ ನೋವಿರುವ ಅಮ್ಮನನ್ನೂ ಕರೆದುಕೊಂಡು ಹೋದೆ. ಕೂರಲು ಒಂದು ಬೆಂಚೂ ಇಲ್ಲ. ಬಿಸಿಲಲ್ಲಿ ನಿಂತು ನಿಂತು ಕಿಟಕಿ ಹತ್ತಿರ ಹೋದರೆ, "ದಾಖಲೆ ಎಲ್ರೂ ತರ್ಬೇಕು, ಓದಿಲ್ವಾ?" ಎಂದು ಗದರಿಸಿ ಕಳಿಸಿದರು. ಓದಿದ್ದಕ್ಕೇ ಈ ಗತಿ!

ಕ್ರಿಯಾಪದ ಬಂದು ಮಾತು ಪೂರ್ತಿಯಾದರೆ ಪೂರ್ಣವಿರಾಮ ಹಾಕಬೇಕು. ಎರಡು ಪೂರ್ತಿ ಮಾತುಗಳಿಗೆ ನಂಟಿದ್ದರೆ ಅರ್ಧವಿರಾಮ (;) ಇದೆ. "ಆದರೆ", "ಆದ್ದರಿಂದ" ಎಂಬ ಪದಗಳಿವೆ. ಹೆಸರು, ವಿಳಾಸ, ವಯಸ್ಸು ಅಂತ ಪಟ್ಟಿ ಮಾಡುವ ಅಲ್ಪವಿರಾಮದಿಂದಲೇ ನಾಲ್ಕು ವಾಕ್ಯ ಹೊಲಿದರೆ ಹೇಗೆ? "ಹಳಬರು ಸಹಿ ಮಾಡಬೇಕು; ಹೊಸಬರು ಫಾರಂ ತುಂಬಬೇಕು. ಮೂಲ ದಾಖಲೆಯನ್ನು ಎಲ್ಲರೂ ತರಬೇಕು." ಇಷ್ಟು ಬರೆದಿದ್ದರೆ ಮುಗಿಯುತ್ತಿತ್ತು.

ಇದು ಹೊಸದೂ ಅಲ್ಲ. ಅದೇ ಕಚೇರಿಯ ಗೋಡೆಯ ಮೇಲೆ "ಅಧಿಕಾರಿಯನ್ನು ನೋಡಿ ಸಹಿ ಮಾಡಿ" ಅಂತ ಬೋರ್ಡ್ ಇತ್ತು. ಕನ್ನಡದಲ್ಲಿ "ನೋಡಿ" ಅಂದರೆ ನೋಡಿದ ಮೇಲೆ ಅಂತಲೂ ಆಗುತ್ತದೆ, ನೋಡಿರಿ ಅಂತಲೂ ಆಗುತ್ತದೆ. ಎರಡೂ ಬೇರೆ ಬೇರೆ ಮಾತು ಅಂದುಕೊಂಡು ಮೊದಲೇ ಸಹಿ ಮಾಡಿಕೊಂಡು ಒಳಗೆ ಹೋದವರಿಗೆಲ್ಲ "ನನ್ನ ಎದುರಿಗೆ ಮಾಡ್ಬೇಕಿತ್ತು" ಎಂದು ಬೈಗುಳ. ಆ ಅಧಿಕಾರಿ ಹೇಳಿದ ಹೊತ್ತಿಗೆ ಕುರ್ಚಿಯಲ್ಲಿ ಸಿಕ್ಕಿದ್ದೂ ಕಡಿಮೆ. ಫೋನ್ ಮಾಡಿದರೆ ಎತ್ತುವುದಿಲ್ಲ. ದೂರಿನ ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿದೆ.

ಪ್ರಕಟಣೆ ಬರೆಯುವವರಿಗೆ ಯಾರಾದರೂ ವಿರಾಮ ಚಿಹ್ನೆ ಕಲಿಸಲಿ. ಇಲ್ಲವೇ ಬರೆಯಲು ಬರುವವರಿಂದ ಬರೆಸಲಿ. ಕೊನೆಯ ದಿನವನ್ನೂ ಮುಂದಕ್ಕೆ ಹಾಕಲಿ. ಪತ್ರಿಕೆಯವರಾದ ನೀವೂ ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕುವುದು ಸರಿಯಲ್ಲ. ಜನರನ್ನು ಸುಮ್ನೆ ಅಲೆಸುವುದಕ್ಕೆ ಇವರಿಗೆ ನಾಚಿಕೆ ಆಗಬೇಕು.

– ನೊಂದ ಓದುಗ